ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡಿ ಎಷ್ಟು ಹೊತ್ತು ನಿಲ್ಲಿಸಬೇಕು? ಇಪ್ಪತ್ತು ನಿಮಿಷ ಸ್ಲೋದಲ್ಲಿ (ನಿಂತಲ್ಲೇ, ಆಕ್ಸಿಲೇಟರ್ ಒತ್ತದೆ) ಬಿಡೋದು ಸರಿಯಾ?

ಪ್ರಶ್ನೆ: ಮಲ್ನಾಡ್ ಲೋಡ್

ಎಲ್ಲರಿಗೂ ನಮಸ್ಕಾರ. ಎರಡು ಗಾಡಿ ಇವೆ. ಒಂದು 2012ರ ಬಿಎಸ್-3 (ಹಳೇ ಹೊಗೆ ನಿಯಮದ್ದು), ಹತ್ತು ಚಕ್ರ, ಹಳೇ ಇನ್‌ಲೈನ್ ಡೀಸೆಲ್ ಪಂಪು, ಟರ್ಬೊ ಇದೆ. ಇನ್ನೊಂದು 2022ರ ಬಿಎಸ್-6 (ಹೊಸ ಹೊಗೆ ನಿಯಮದ್ದು), ಹನ್ನೆರಡು ಚಕ್ರ. ಎರಡೂ ಮಂಗಳೂರು-ಹಾಸನ ಲೈನಲ್ಲಿ ಓಡ್ತವೆ. ರಾತ್ರಿ ಹಾಲ್ಟ್ ಹೆಚ್ಚಾಗಿ ಸಕಲೇಶಪುರದ ಹತ್ತಿರ, ಕೆಲವು ದಿನ ಘಾಟಿ ಕೆಳಗೆ ಗುಂಡ್ಯದಲ್ಲಿ. ಈಗ ಬೆಳಿಗ್ಗೆ ಐದು ಗಂಟೆಗೆ ಸಕಲೇಶಪುರದಲ್ಲಿ 12-13 ಡಿಗ್ರಿ ಇರುತ್ತೆ.

ಹಳೇ ಗಾಡಿ ಡ್ರೈವರ್ ಸ್ಟಾರ್ಟ್ ಮಾಡಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಸ್ಲೋದಲ್ಲಿ ಬಿಟ್ಟಿರ್ತಾರೆ. ಮಧ್ಯೆ ನಾಲ್ಕೈದು ಸಲ ಜೋರಾಗಿ ರೇಸ್ ಕೊಡ್ತಾರೆ. ಮೊದಲ ನಾಲ್ಕು ನಿಮಿಷ ಬಿಳಿ ಹೊಗೆ, ಕಣ್ಣು ಉರಿಯುತ್ತೆ. ಹೊಸ ಗಾಡಿ ಡ್ರೈವರ್ ಉಲ್ಟಾ. ಬ್ರೇಕಿನ ಏರ್ ಕಮ್ಮಿ ಇದೆ ಅಂತ ಕೂಗೋ ಬಜರ್ ನಿಂತ ತಕ್ಷಣ ಗೇರ್ ಹಾಕಿ ಹೊರಟೇಬಿಡ್ತಾರೆ. ಇಬ್ಬರೂ ಅನುಭವಸ್ಥರು, ಇಬ್ಬರೂ ತಮ್ಮದೇ ಸರಿ ಅಂತಾರೆ.

ಹಳೇ ಗಾಡಿದು ಇನ್ನೊಂದು ವಿಷಯ. ಟೆಂಪರೇಚರ್ ಮುಳ್ಳು 40 ಕಿ.ಮೀ. ಓಡಿದ ಮೇಲೂ ಕಾಲು ಭಾಗ ದಾಟಲ್ಲ. ಎಂಜಿನ್ ತಣ್ಣಗಿದೆ, ಒಳ್ಳೇದೇ ಅಂದ್ಕೊಂಡಿದ್ದೀನಿ. ಹೊಸ ಗಾಡೀಲಿ ಈ ತಿಂಗಳು ಎರಡು ಸಲ ಡಿಪಿಎಫ್ (ಸೈಲೆನ್ಸರಿನ ಮಸಿ ಫಿಲ್ಟರ್) ಲೈಟ್ ಬಂದಿದೆ. ಲೋಡಿಂಗ್ ಪಾಯಿಂಟಲ್ಲಿ ಅದು ಗಂಟೆಗಟ್ಟಲೆ ಎಂಜಿನ್ ಆನಲ್ಲೇ ನಿಂತಿರುತ್ತೆ. ನಿಜವಾಗಿ ಎಷ್ಟು ನಿಮಿಷ ಬಿಡಬೇಕು, ಏನು ನೋಡ್ಕೊಂಡು ಹೊರಡಬೇಕು, ತಿಳಿದವರು ಹೇಳಿ.


ಉತ್ತರ 1: ಪಂಪು ನಾಜಲ್

ಸಾರ್, 12 ಡಿಗ್ರಿಗೆ ಎರಡರಿಂದ ಮೂರು ನಿಮಿಷ ಸಾಕು. ಹಳೇ ಗಾಡಿಗೂ ಅಷ್ಟೇ, ಹೊಸ ಗಾಡಿಗೂ ಅಷ್ಟೇ. ಅದಕ್ಕಿಂತ ಹೆಚ್ಚು ನಿಲ್ಲಿಸಬೇಕಾಗಿ ಬಂದ್ರೆ ಅದು ಬ್ರೇಕಿನ ಏರ್ ಪ್ರೆಷರ್ ಏರೋದಕ್ಕೆ, ಎಂಜಿನ್ ಬಿಸಿಗೆ ಅಲ್ಲ.

ಸ್ಲೋದಲ್ಲಿ ನಿಂತ ಡೀಸೆಲ್ ಎಂಜಿನ್ ಬಿಸಿಯೇ ಆಗಲ್ಲ. ಡೀಸೆಲ್ ಎಂಜಿನ್ ಸ್ಲೋದಲ್ಲೂ ಗಾಳಿಯನ್ನ ಪೂರ್ತಿ ಎಳೆಯುತ್ತೆ, ಆದ್ರೆ ಸುಡೋ ಡೀಸೆಲ್ ಬಹಳ ಕಮ್ಮಿ. ಅಷ್ಟು ಗಾಳಿಗೆ ಇಷ್ಟು ಬೆಂಕಿ ಅಂದ್ರೆ ಹುಟ್ಟೋ ಸ್ವಲ್ಪ ಬಿಸಿಯೂ ಸೈಲೆನ್ಸರ್ ಕಡೆಗೆ ಹೋಗಿಬಿಡುತ್ತೆ. ಇಪ್ಪತ್ತು ನಿಮಿಷ ನಿಂತು ಆಗದ ಬಿಸಿ, ಲೈಟಾಗಿ ಮೂರ್ನಾಲ್ಕು ಕಿ.ಮೀ. ಓಡಿಸಿದ್ರೆ ಆಗುತ್ತೆ. ಗೇರ್ ಬಾಕ್ಸ್ ಆಯಿಲ್, ಹಿಂದಿನ ಆಕ್ಸಲ್‌ನ ಹೌಸಿಂಗ್ ಆಯಿಲ್, ವೀಲ್ ಬೇರಿಂಗ್ ಗ್ರೀಸು, ಟೈರು ಇವೆಲ್ಲ ಗಾಡಿ ಉರುಳಿದ್ರೆ ಮಾತ್ರ ಬಿಸಿಯಾಗೋದು. ಒಂದು ಗಂಟೆ ನಿಲ್ಲಿಸಿದ್ರೂ ಹೌಸಿಂಗ್ ಆಯಿಲ್ ರಾತ್ರಿ ಇದ್ದ ಹಾಗೇ ಇರುತ್ತೆ.

ಇನ್ನು ನಷ್ಟದ ಕಡೆ ನೋಡಿ. ಡೀಸೆಲ್ ಹತ್ತಿಕೊಳ್ಳೋದು ಪ್ಲಗ್ ಕಿಡಿಯಿಂದ ಅಲ್ಲ, ಗಾಳಿ ಒತ್ತಿ ಹುಟ್ಟೋ ಬಿಸಿಯಿಂದ. ಲೈನರ್, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ಗೋಡೆ, ತಣ್ಣಗಿದ್ರೆ ಆ ಬಿಸಿಯನ್ನ ಅದೇ ಹೀರಿಕೊಳ್ಳುತ್ತೆ. ಆಗ ನಾಜಲ್‌ನಿಂದ ಬಂದ ಡೀಸೆಲ್ ಪೂರ್ತಿ ಸುಡಲ್ಲ. ಸ್ವಲ್ಪ ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತೆ, ನಿಮ್ಮ ಕಣ್ಣು ಉರಿಸ್ತಿರೋದು ಅದೇ. ಉಳಿದದ್ದು ಲೈನರ್ ಗೋಡೆಗೆ ಹೊಡೆದು ಅಲ್ಲಿರೋ ಆಯಿಲ್ ಪದರ ತೊಳೆದುಕೊಂಡು ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿನ ಆಯಿಲ್ ಸಂಪ್‌ಗೆ ಇಳಿಯುತ್ತೆ. ದಿನಾ ಇಪ್ಪತ್ತೈದು ನಿಮಿಷ ಹೀಗೆ ಮಾಡಿದ್ರೆ ಆಯಿಲಿಗೆ ಡೀಸೆಲ್ ಸೇರಿ ತೆಳ್ಳಗಾಗುತ್ತೆ, ನಾಜಲ್ ತುದಿಗೆ ಕಾರ್ಬನ್ ಕಟ್ಟುತ್ತೆ, ರಿಂಗ್ ಗ್ರೂವಲ್ಲಿ ಅಂಟಿಕೊಳ್ಳುತ್ತೆ. ಲೆಕ್ಕ ಬೇಕಾದ್ರೆ, ಆರು ಸಿಲಿಂಡರ್ ಎಂಜಿನ್ ಸ್ಲೋದಲ್ಲಿ ಗಂಟೆಗೆ ಸುಮಾರು 2 ಲೀಟರ್ ಕುಡಿಯುತ್ತೆ. ದಿನಕ್ಕೆ 20 ನಿಮಿಷ ಅಂದ್ರೂ 300 ದಿನಕ್ಕೆ 200 ಲೀಟರ್.

ರೇಸ್ ಕೊಡೋದು ಇದಕ್ಕಿಂತ ಕೆಟ್ಟದ್ದು, ಅದನ್ನ ಇವತ್ತೇ ನಿಲ್ಲಿಸಿ. 15ಡಬ್ಲ್ಯು-40 ಆಯಿಲ್ 100 ಡಿಗ್ರಿಯಲ್ಲಿ 14-15 ಸೆಂಟಿಸ್ಟೋಕ್ ದಪ್ಪ, 40 ಡಿಗ್ರಿಯಲ್ಲಿ 110ರ ಆಸುಪಾಸು. 12 ಡಿಗ್ರಿಗೆ ಅದಕ್ಕೂ ಹಲವು ಪಟ್ಟು ಹೆಚ್ಚು. ಗೇಜಲ್ಲಿ ಪ್ರೆಷರ್ ಜಾಸ್ತಿ ತೋರಿಸುತ್ತೆ, ಆದ್ರೆ ಪ್ರೆಷರ್ ಇದೆ ಅಂದ ಮಾತ್ರಕ್ಕೆ ಆಯಿಲ್ ಎಲ್ಲ ಕಡೆ ಹರೀತಿದೆ ಅಂತಲ್ಲ. ಟರ್ಬೊ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗೋ ವಸ್ತು, ಬರೀ ಆಯಿಲ್ ಪದರದ ಮೇಲೆ ತೇಲ್ತಿರುತ್ತೆ. ಅಲ್ಲಿಗೆ ಆಯಿಲ್ ತಲುಪೋ ಮೊದಲೇ ರೇಸ್ ಕೊಟ್ರೆ ಬುಷ್ ಉಜ್ಜಿಹೋಗುತ್ತೆ. ಜೊತೆಗೆ ದಪ್ಪ ಆಯಿಲನ್ನ ಜೋರಾಗಿ ತಳ್ಳಿದಾಗ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ನೇರವಾಗಿ ಬೇರಿಂಗಿಗೆ ಹೋಗುತ್ತೆ.

ಕ್ರಮ ಹೀಗಿಟ್ಕೊಳ್ಳಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಇಳಿಜಾರಿದ್ರೆ ಚಕ್ರಕ್ಕೆ ಮರದ ತುಂಡು. ಡಿಪ್ ಸ್ಟಿಕ್ ನೋಡಿ, ಕೂಲೆಂಟ್ ನೋಡಿ, ವಾಟರ್ ಸೆಪರೇಟರ್ ಕೆಳಗಿನ ಕಾಕ್ ತಿರುಗಿಸಿ ನೀರು ಬಿಡಿ. ಕೀ ಆನ್ ಮಾಡಿದ ಮೇಲೆ ಮೀಟರಲ್ಲಿ ಸುರುಳಿ ಗುರುತಿನ ಹೀಟರ್ ಲೈಟ್ ಇದ್ರೆ ಆರೋ ತನಕ ಕಾಯಿರಿ. ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ. ಒತ್ತದಿದ್ರೆ ಗಟ್ಟಿಯಾಗಿರೋ ಗೇರ್ ಬಾಕ್ಸ್ ಆಯಿಲನ್ನೂ ಸೆಲ್ಫ್ ಮೋಟಾರೇ ಕಲಕಬೇಕು. ಒಂದು ಸಲಕ್ಕೆ 10-15 ಸೆಕೆಂಡ್, ಹತ್ತದಿದ್ರೆ ಎರಡು ನಿಮಿಷ ಬಿಡುವು ಕೊಟ್ಟು ಮತ್ತೆ. ಇನ್‌ಲೈನ್ ಪಂಪಿನ ಗಾಡಿಗೆ ಆಕ್ಸಿಲೇಟರ್ ಸ್ವಲ್ಪ ಒತ್ತಿರಬಹುದು, ಹತ್ತಿದ ಕ್ಷಣ ಕಾಲು ತೆಗೀಬೇಕು. ನಿಮ್ಮ ಹೊಸ ಗಾಡಿ ಥರದ ಕಾಮನ್ ರೈಲ್ ಎಂಜಿನಿಗೆ ಕಾಲು ಇಡೋದೇ ಬೇಡ, ಎಷ್ಟು ಡೀಸೆಲ್ ಬೇಕು ಅನ್ನೋದನ್ನ ಇಸಿಎಂ, ಅಂದ್ರೆ ಎಂಜಿನಿನ ಕಂಪ್ಯೂಟರ್, ನೋಡ್ಕೊಳ್ಳುತ್ತೆ.

ಆಯಿಲ್ ಲೈಟು ಐದಾರು ಸೆಕೆಂಡಲ್ಲಿ ಆರಬೇಕು. 15 ಸೆಕೆಂಡಾದ್ರೂ ಆರದಿದ್ರೆ ಆಫ್ ಮಾಡಿ ಕಾರಣ ಹುಡುಕಿ. ಅರ್ಧ ನಿಮಿಷ ಸ್ಲೋದಲ್ಲೇ ಬಿಟ್ಟು, ಆಮೇಲೆ 900-1000 ಆರ್‌ಪಿಎಂಗೆ ಏರಿಸಿ ಹಾಗೇ ಹಿಡೀರಿ. ಏರ್ ಬೇಗ ಏರುತ್ತೆ, ಆಯಿಲೂ ಹರಿಯುತ್ತೆ. ಹೊರಟ ಮೇಲೆ ಮೊದಲ ನಾಲ್ಕೈದು ಕಿ.ಮೀ. 1500 ಆರ್‌ಪಿಎಂ ಒಳಗೆ, ಅರ್ಧ ಆಕ್ಸಿಲೇಟರ್. ಹಾಗಂತ ಟಾಪ್ ಗೇರಿಗೆ ಹಾಕಿ ಎಂಜಿನ್ ಗುದ್ದೋ ಹಾಗೆ ಎಳೆಸಬೇಡಿ. ಪಿಸ್ಟನ್ ಅಲ್ಯೂಮಿನಿಯಂ, ಲೈನರ್ ಬೀಡು ಕಬ್ಬಿಣ. ತಣ್ಣಗಿರೋ ಎಂಜಿನಿಗೆ ಫುಲ್ ಲೋಡ್ ಕೊಟ್ರೆ ಪಿಸ್ಟನ್ ಬೇಗ ಹಿಗ್ಗುತ್ತೆ, ಲೈನರ್ ಇನ್ನೂ ಹಿಗ್ಗಿರಲ್ಲ, ಗೀರು ಬೀಳೋದು ಆಗಲೇ.

ಬಿಳಿ ಹೊಗೆ ಒಂದು-ಒಂದೂವರೆ ನಿಮಿಷ ಆದ್ರೆ ಚಿಂತೆ ಇಲ್ಲ. ನಾಲ್ಕು ನಿಮಿಷ ಅಂದ್ರೆ ನಾಜಲ್ ಬಿಚ್ಚಿ ಟೆಸ್ಟರ್ ಮೇಲೆ ಹಾಕಿ ನೋಡಿ. ಮಂಜಿನ ಹಾಗೆ ಚದುರಬೇಕು, ದಾರದ ಹಾಗೆ ಸುರಿಯೋದಾಗಲಿ ತುದಿಯಲ್ಲಿ ತೊಟ್ಟಿಕ್ಕೋದಾಗಲಿ ಇರಬಾರದು. ಅದು ಸರಿಯಿದ್ರೆ ಟ್ಯಾಪೆಟ್ ಗ್ಯಾಪ್, ಪಂಪ್ ಟೈಮಿಂಗ್, ಕೊನೆಗೆ ಕಂಪ್ರೆಷನ್. ಬಿಳಿ ಹೊಗೆ ನಿಲ್ಲದೇ ಬರ್ತಾ ಕೂಲೆಂಟ್ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಇನ್ನೊಂದು ವಿಷಯ, ಆಯಿಲ್ ಮೇಲೆ ಅನುಮಾನ ಇದ್ರೆ ಡಿಪ್ ಸ್ಟಿಕ್‌ನ ಒಂದು ಹನಿ ಬ್ಲಾಟಿಂಗ್ ಪೇಪರಿನ ಮೇಲೆ ಬಿಟ್ಟು ಅರ್ಧ ದಿನ ಬಿಡಿ. ನಡುವಿನ ಕಪ್ಪಿನ ಹೊರಗೆ ತೆಳು ಹಳದಿ ಉಂಗುರ ಅಗಲವಾಗಿ ಹರಡಿದ್ರೆ ಡೀಸೆಲ್ ಸೇರಿದೆ. ಹಾಕಿದ್ದಕ್ಕಿಂತ ಆಯಿಲ್ ಮಟ್ಟ ಮೇಲೆ ಬಂದಿದ್ರಂತೂ ಅನುಮಾನವೇ ಬೇಡ, ಬದಲಾಯಿಸಿ.

ಮುಳ್ಳು ಕಾಲು ಭಾಗ ದಾಟಲ್ಲ ಅಂದ್ರಲ್ಲ, ಅದು ಒಳ್ಳೇದಲ್ಲ. ಆ ಗಾಡೀಲಿ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದಿರೋದು) ಇದೆಯಾ, ಯಾರಾದ್ರೂ ತೆಗೆದು ಹಾಕಿದ್ದಾರಾ ಮೊದಲು ವಿಚಾರಿಸಿ. ನಿಮ್ಮ ಡ್ರೈವರ್ ಇಪ್ಪತ್ತು ನಿಮಿಷ ಕಾಯೋದಕ್ಕೆ ಅದೇ ಮೂಲ ಇರಬಹುದು.


ಉತ್ತರ 2: ಘಾಟಿ ಗೇರು

ಮೇಲಿನವರು ಹೇಳಿದ್ದು ಸರಿ. ಘಾಟಿಯ ವಿಷಯ ಸೇರಿಸ್ತೀನಿ, ಯಾಕಂದ್ರೆ ಸಕಲೇಶಪುರದಿಂದ ಹೊರಡೋದಕ್ಕೂ ಗುಂಡ್ಯದಿಂದ ಹೊರಡೋದಕ್ಕೂ ಬಹಳ ವ್ಯತ್ಯಾಸ ಇದೆ.

ಗುಂಡ್ಯದಲ್ಲಿ ಅಷ್ಟು ಚಳಿ ಇರಲ್ಲ, ಆದ್ರೆ ಹೊರಟ ಸ್ವಲ್ಪ ಹೊತ್ತಿಗೇ ಏರು. ಲೋಡ್ ಗಾಡಿಗೆ ಲೈಟಾಗಿ ಓಡಿ ಬಿಸಿಯಾಗೋಕೆ ಸಮತಟ್ಟು ರಸ್ತೆ ಸಿಗಲ್ಲ. ಹಾಗಾಗಿ ಅಲ್ಲಿ 900-1000 ಆರ್‌ಪಿಎಂನಲ್ಲಿ ಐದು ನಿಮಿಷ ಕೊಡಿ. ಏರು ಶುರುವಾದ ಮೇಲೆ ಒಂದು ಗೇರ್ ಕೆಳಗೇ ಇಟ್ಕೊಂಡು 1400-1500ರಲ್ಲಿ ನಿಧಾನಕ್ಕೆ ಹತ್ತಿಸಿ, ಪೆಡಲ್ ತಳಕ್ಕೆ ಒತ್ತಬೇಡಿ. ನೀರಿನ ಮುಳ್ಳು ಬೇಗ ಏರುತ್ತೆ, ಅದನ್ನ ನೋಡಿ ಮೋಸ ಹೋಗಬೇಡಿ. ಆಯಿಲ್ ಯಾವಾಗಲೂ ನೀರಿಗಿಂತ ಹಿಂದೆ. ಮುಳ್ಳು 80 ಮುಟ್ಟಿದ ಮೇಲೂ ಇನ್ನೂ ಕೆಲವು ನಿಮಿಷ ಕಾದು ಪೂರ್ತಿ ಕೆಲಸ ತಗೊಳ್ಳಿ.

ಸಕಲೇಶಪುರದಿಂದ ಮಂಗಳೂರು ಕಡೆ ಇಳಿಯುವಾಗ ಇದು ತಿರುಗುಮುರುಗು. ಎಂಜಿನ್ ತಣ್ಣಗಿದ್ರೂ ತೊಂದರೆ ಕಮ್ಮಿ, ಇಳಿಜಾರಲ್ಲಿ ಅದಕ್ಕೆ ಲೋಡೇ ಇರಲ್ಲ. ಅಲ್ಲಿ ಕಾಯಬೇಕಾದ್ದು ಏರ್‌ಗೆ. ನಿಮ್ಮ ಹೊಸ ಗಾಡಿ ಡ್ರೈವರ್ ಮಾಡ್ತಿರೋ ತಪ್ಪು ಇದೇ. ಬಜರ್ ನಿಂತಿದೆ ಅಂದ್ರೆ ಅಪಾಯದ ಗೆರೆ ದಾಟಿದೆ ಅಂತ ಅಷ್ಟೇ, ಟ್ಯಾಂಕ್ ತುಂಬಿದೆ ಅಂತಲ್ಲ. ಹ್ಯಾಂಡ್ ಬ್ರೇಕಿನ ಸ್ಪ್ರಿಂಗನ್ನ ಪೂರ್ತಿ ಹಿಂದಕ್ಕೆ ತಳ್ಳೋಕೆ ಐದಾರು ಬಾರ್ ಬೇಕು. ಅದಕ್ಕಿಂತ ಕಮ್ಮಿ ಇದ್ದಾಗ ಹೊರಟ್ರೆ ಲೈನಿಂಗ್ ಡ್ರಮ್‌ಗೆ ಉಜ್ಜಿಕೊಂಡೇ ಇರುತ್ತೆ. ಘಾಟಿ ತಲೆಗೆ ಬರೋ ಹೊತ್ತಿಗೆ ಡ್ರಮ್ ಬಿಸಿ, ಆಮೇಲೆ ನಿಜವಾದ ಬ್ರೇಕ್ ಬೇಕಾದಾಗ ಅದು ಹಿಡಿಯಲ್ಲ. ಎರಡೂ ಮುಳ್ಳು 8 ಬಾರ್ ಹತ್ತಿರ ಬಂದು ಏರ್ ಡ್ರೈಯರ್ 'ಫುಸ್' ಅಂತ ಬಿಡೋ ಶಬ್ದ ಕೇಳಿದ ಮೇಲೇ ಹೊರಡಬೇಕು. ಹೊಸ ಗಾಡಿಗಳಲ್ಲಿ ಹೀಗೆ ಏರ್ ಬಿಡೋ ಮಟ್ಟ (ಕಟಾಫ್) ಇನ್ನೂ ಮೇಲಿರುತ್ತೆ.

ದಿನಾ ಖಾಲಿಯಿಂದ ತುಂಬೋಕೆ ಎಷ್ಟು ನಿಮಿಷ ಹಿಡಿಯುತ್ತೆ ಅನ್ನೋದು ಡ್ರೈವರಿಗೆ ಬಾಯಿಪಾಠ ಇರಬೇಕು. ಮೂರು ನಿಮಿಷಕ್ಕೆ ತುಂಬ್ತಿದ್ದದ್ದು ಆರಕ್ಕೆ ಹೋಗಿದ್ರೆ ಎಲ್ಲೋ ಲೀಕ್ ಇದೆ, ಇಲ್ಲ ಕಂಪ್ರೆಸರ್ ಸೋತಿದೆ. ಲೀಕ್ ನೋಡೋದು ಸುಲಭ. ಸಮತಟ್ಟು ಜಾಗ, ಚಕ್ರಕ್ಕೆ ಮುಂದೆ-ಹಿಂದೆ ಮರದ ತುಂಡು, ಏರ್ ತುಂಬಿಸಿ ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಬಿಟ್ಟು ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡೀರಿ. ಮೊದಲ ಇಳಿತ ಬಿಟ್ಟು, ಮುಂದಿನ ಒಂದು ನಿಮಿಷದಲ್ಲಿ 0.2 ಬಾರ್‌ಗಿಂತ ಹೆಚ್ಚು ಇಳಿದ್ರೆ ಸೋಪು ನೀರು ಹಚ್ಚಿ ಹುಡುಕಿ. ಬ್ರೇಕ್ ಚೇಂಬರ್ ಡಯಾಫ್ರಂ, ಹೋಸ್ ಜಾಯಿಂಟು, ಫುಟ್ ವಾಲ್ವ್ ಈ ಮೂರರಲ್ಲಿ ಒಂದಾಗಿರುತ್ತೆ ಹೆಚ್ಚಾಗಿ.

ಏರ್ ಟ್ಯಾಂಕಿನ ನೀರನ್ನ ಬೆಳಿಗ್ಗೆ ಬದಲು ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಬಿಡಿ. ಆಗ ಒಳಗೆ ಪ್ರೆಷರ್ ಇರುತ್ತೆ, ಕೆಳಗಿನ ರಿಂಗ್ ಎಳೆದ ಕೂಡಲೇ ನೀರು, ಆಯಿಲ್ ಜಿಡ್ಡು ಎಲ್ಲ ರಭಸಕ್ಕೆ ಹೊರಗೆ ಬರುತ್ತೆ. ಬಂದದ್ದು ನೀರಾ ಆಯಿಲಾ ಅಂತ ಕೈಯಲ್ಲಿ ಮುಟ್ಟಿ ನೋಡಿ. ಬರೀ ಕಪ್ಪು ಆಯಿಲ್ ಬರ್ತಿದ್ರೆ ಕಂಪ್ರೆಸರ್ ರಿಂಗ್ ಹೋಗಿದೆ.

ಘಾಟಿ ಹತ್ತಿ ಬಂದ ಗಾಡಿಯನ್ನ ಟೀ ಅಂಗಡಿ ಮುಂದೆ ತಕ್ಷಣ ಆಫ್ ಮಾಡೋದು ಬೆಳಗಿನ ರೇಸ್‌ಗಿಂತ ಕಮ್ಮಿ ತಪ್ಪಲ್ಲ. ಟರ್ಬೊ ಕೆಂಪಗೆ ಕಾದಿರುತ್ತೆ, ಎಂಜಿನ್ ನಿಂತ್ರೆ ಆಯಿಲ್ ಹರಿವು ನಿಲ್ಲುತ್ತೆ, ಬುಷ್ ಹತ್ತಿರ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ಮೂರು ನಿಮಿಷ ಸ್ಲೋದಲ್ಲಿ ಬಿಟ್ಟು ಆಫ್ ಮಾಡಿ. ಕಾಯೋ ಹೊತ್ತು ಅಂತ ಇದ್ರೆ ಅದು ಬೆಳಿಗ್ಗೆಗಿಂತ ಇಲ್ಲೇ ಹೆಚ್ಚು ಬೇಕು.


ಉತ್ತರ 3: ಸ್ಕ್ಯಾನರ್ ಬಾಕ್ಸ್

ಬಿಎಸ್-6 ಗಾಡಿ ಬಗ್ಗೆ ಮಾತ್ರ ಬರೀತೀನಿ. ಡಿಪಿಎಫ್ ಲೈಟಿಗೂ ಬೆಳಗಿನ ಎರಡು ನಿಮಿಷಕ್ಕೂ ಸಂಬಂಧ ಇಲ್ಲ, ಲೋಡಿಂಗ್ ಪಾಯಿಂಟಿನ ಗಂಟೆಗಟ್ಟಲೆ ಸ್ಲೋಗೆ ಇದೆ.

2020ರ ಏಪ್ರಿಲ್ 1ರಿಂದ ಬಂದ ಈ ಗಾಡಿಗಳಲ್ಲಿ ಸೈಲೆನ್ಸರ್ ಅಂದ್ರೆ ಬರೀ ಡಬ್ಬಿ ಅಲ್ಲ. ಒಳಗೆ ಮಸಿ ಹಿಡಿಯೋ ಡಿಪಿಎಫ್ ಇದೆ, ಅದರ ಹಿಂದೆ ಯೂರಿಯಾ ಬಳಸಿ ವಿಷ ಅನಿಲ ತಗ್ಗಿಸೋ ಎಸ್‌ಸಿಆರ್ ಇದೆ. ಎರಡೂ ಬಿಸಿಯ ಮೇಲೆ ಬದುಕೋವು. ಡಿಇಎಫ್, ಡ್ರೈವರ್‌ಗಳು ಯೂರಿಯಾ ಅನ್ನೋದು, ಎಕ್ಸಾಸ್ಟ್ 200 ಡಿಗ್ರಿಯ ಸುತ್ತಮುತ್ತ ಬಂದ ಮೇಲೇ ಚಿಮ್ಮೋದು. ಡಿಪಿಎಫ್‌ನಲ್ಲಿ ಹಿಡಿದ ಮಸಿ ರೋಡಲ್ಲಿ ತಾನಾಗಿ ಕರಗೋಕೆ ಇನ್ನೂ ಹೆಚ್ಚು ಬೇಕು. ಇಸಿಎಂ ತಾನೇ ಡೀಸೆಲ್ ಹೆಚ್ಚಿಗೆ ಬಿಟ್ಟು ಸುಡುವಾಗ ಒಳಗೆ 550-600 ಡಿಗ್ರಿ ಆಗುತ್ತೆ. ಸ್ಲೋದಲ್ಲಿ ನಿಂತ ಎಂಜಿನಿನ ಎಕ್ಸಾಸ್ಟ್ ಇದರಲ್ಲಿ ಯಾವುದನ್ನೂ ಮುಟ್ಟಲ್ಲ. ಮಸಿ ಹಿಡೀತಾನೇ ಹೋಗುತ್ತೆ, ಸುಡೋದೇ ಇಲ್ಲ.

ಲೈಟ್ ಹಳದಿಯಾಗಿ ನಿಂತಿದ್ರೆ ಇನ್ನೂ ಸಮಯ ಇದೆ. ಲೋಡ್ ಇರೋ ಗಾಡಿಯನ್ನ ಹೈವೇಯಲ್ಲಿ 50 ಕಿ.ಮೀ. ಮೇಲಿನ ವೇಗದಲ್ಲಿ, ನಿಲ್ಲಿಸದೇ 20-30 ನಿಮಿಷ ಓಡಿಸಿ. ಹಾಸನದಿಂದ ಬೆಂಗಳೂರು ಕಡೆಗೆ ಹೋಗೋ ದಿನ ಆದ್ರೆ ತಾನಾಗೇ ಸರಿಹೋಗುತ್ತೆ. ಮಿನುಗೋಕೆ ಶುರುವಾದ್ರೆ ಪಾರ್ಕ್ ಮಾಡಿ ಸ್ವಿಚ್ ಒತ್ತಿ ರೀಜನರೇಷನ್ (ಹಿಡಿದ ಮಸಿ ಸುಡೋದು) ಮಾಡಬೇಕು, ಮ್ಯಾನುಯಲ್‌ನಲ್ಲಿ ಹೇಳಿದ ಕ್ರಮದಲ್ಲೇ. ಒಣ ಹುಲ್ಲಿನ ಮೇಲೆ, ಪೆಟ್ರೋಲ್ ಬಂಕ್‌ನಲ್ಲಿ, ಹುಲ್ಲಿನ ಲೋಡ್ ಪಕ್ಕ ಮಾಡಲೇಬಾರದು. ಟೈಲ್ ಪೈಪಿಂದ ಬರೋ ಗಾಳಿ ಬೆಂಕಿ ಹೊತ್ತಿಸೋಷ್ಟು ಬಿಸಿ. ಶುರುವಾದದ್ದನ್ನ ಅರ್ಧಕ್ಕೆ ಆಫ್ ಮಾಡೋದೂ ಬೇಡ. ರೀಜನರೇಷನ್‌ಗಾಗಿ ಸಿಲಿಂಡರಿಗೆ ತಡವಾಗಿ ಡೀಸೆಲ್ ಬಿಡೋ ಎಂಜಿನ್‌ಗಳಲ್ಲಿ ಅದರ ಒಂದು ಪಾಲು ಆಯಿಲಿಗೆ ಸೇರುತ್ತೆ. ಪದೇಪದೇ ಅರ್ಧಕ್ಕೆ ನಿಂತು ಶುರುವಾದ್ರೆ ಅದು ಹೆಚ್ಚಾಗುತ್ತೆ.

ಆಯಿಲ್ ಹಾಕುವಾಗ ಬೂದಿ ಕಮ್ಮಿ ಇರೋ, ಕಂಪನಿ ಬಿಎಸ್-6ಕ್ಕೆ ಹೇಳಿರೋ ಗ್ರೇಡೇ ಹಾಕಿ. ಹಳೇ ಗಾಡಿಗೆ ತಂದ ಕ್ಯಾನಿಂದ ಇದಕ್ಕೂ ಒಂದು ಲೀಟರ್ ಟಾಪಪ್ ಮಾಡೋ ಅಭ್ಯಾಸ ಇದ್ರೆ ಬಿಡಿಸಿ. ಆಯಿಲಿನ ಬೂದಿ ಡಿಪಿಎಫ್‌ನಲ್ಲಿ ಸುಡಲ್ಲ, ಹಾಗೇ ಕೂರುತ್ತೆ.

ರಾತ್ರಿ ಕೀ ಆಫ್ ಮಾಡಿದ ಕೂಡಲೇ ಬ್ಯಾಟರಿ ಕಟಾಫ್ ತಿರುಗಿಸಬೇಡಿ, ಎರಡು ನಿಮಿಷ ಬಿಡಿ. ಡಿಇಎಫ್ ಪಂಪ್ ಪೈಪಲ್ಲಿ ಉಳಿದದ್ದನ್ನ ವಾಪಸ್ ಟ್ಯಾಂಕಿಗೆ ಎಳೆದುಕೊಳ್ಳೋ ಶಬ್ದ ಕಿವಿಗೊಟ್ರೆ ಕೇಳುತ್ತೆ. ಅದು ಆಗೋ ಮೊದಲೇ ಕರೆಂಟ್ ಕತ್ತರಿಸಿದ್ರೆ ಉಳಿದ ದ್ರವ ಒಣಗಿ ಬಿಳೀ ಹರಳು ಕಟ್ಟಿ ಡಿಇಎಫ್ ನಾಜಲ್ ಮುಚ್ಚುತ್ತೆ.


ಉತ್ತರ 4: ಹುಬ್ಬಳ್ಳಿ ಲೈನ್

ನಿಮ್ಮ ಸಕಲೇಶಪುರದ ಚಳಿ ಡೀಸೆಲ್ಲಿಗೆ ಚಳೀನ ಅಲ್ರೀ. ಆದ್ರ ನಮ್ಮ ಕಡಿಂದ ಉತ್ತರಕ್ಕ ಹೋಗೋ ಗಾಡಿ ಭಾಳ ಅದಾವ, ತಿಪಟೂರು ಕೊಬ್ಬರಿನೂ ಆ ಕಡೆ ಹೋಗತೈತಿ. ಅಂಥವರು ಇದನ್ನ ಓದಬಹುದು ಅಂತ ಬರೀತೀನಿ.

ಅಲ್ಲಿ ಮೊದಲು ಕೈ ಕೊಡೋದು ಎಂಜಿನ್ ಅಲ್ಲ, ಡೀಸೆಲ್ಲು. ಡೀಸೆಲ್ ಒಳಗ ಮೇಣ ಇರತೈತಿ. ಚಳಿ ಹೆಚ್ಚಾದಂಗ ಅದು ಹಳಕು ಹಳಕಾಗಿ ಫಿಲ್ಟರಿಗೆ ಕೂಡತೈತಿ. ನಮ್ಮ ದೇಶದ ಐಎಸ್ 1460 ಮಾಪನದಾಗ ಡೀಸೆಲ್ ಫಿಲ್ಟರ್ ದಾಟೋ ಉಷ್ಣತಾ ಮಿತಿ (ಅದಕ್ಕಿಂತ ತಣ್ಣಗಾದ್ರ ಕಟ್ಟಿಕೊಳ್ಳಬಹುದು) ಬ್ಯಾಸಿಗಿ ಡೀಸೆಲ್ಲಿಗೆ 18 ಡಿಗ್ರಿ, ಚಳಿಗಾಲದ್ದಕ್ಕ 6 ಡಿಗ್ರಿ. ಬಂಕಿನಾಗ ಸಿಗೋ ಮಾಲು ಸಾಮಾನ್ಯ ಇದಕ್ಕಿಂತ ಚಲೋನ ಇರತೈತಿ, ಆದ್ರ ಕಾಶ್ಮೀರ, ಲಡಾಖದ ಮೈನಸ್ ಚಳಿಗೆ ಅದನ್ನ ನಂಬಿ ಹೋಗಬ್ಯಾಡ್ರಿ. ಟ್ಯಾಂಕಿನಾಗಿನ ಬ್ಯಾರೆ ಊರಿನ ಡೀಸೆಲ್ ಖಾಲಿ ಮಾಡಿಕೊಂಡು ಹೋಗಿ, ಮ್ಯಾಲೆ ಹತ್ತೋಕಿಂತ ಮೊದಲ ಅಲ್ಲಿಯ ಬಂಕಿನಾಗ ತುಂಬಿಸ್ರಿ. ಇಂಡಿಯನ್ ಆಯಿಲ್‌ನವರು 2019ರ ನವೆಂಬರ್‌ದಾಗ ಲಡಾಖಕ್ಕಂತ ಚಳಿಗಾಲದ ಡೀಸೆಲ್ ಬಿಟ್ಟಾರ, ಮೈನಸ್ 33 ಡಿಗ್ರಿ ತನಕ ಹರಿಯೋ ಅಂಥಾದ್ದು. ರಾತ್ರಿ ಟ್ಯಾಂಕ್ ತುಂಬಿರಲಿ, ಖಾಲಿ ಜಾಗದಾಗ ಹಬೆ ನೀರಾಗಿ ಇಳೀತೈತಿ.

ಟ್ಯಾಂಕಿನ ಕೆಳಗ ಬೆಂಕಿ ಹಚ್ಚೋದು, ಡೀಸೆಲ್ಲಿಗೆ ಸೀಮೆಎಣ್ಣಿ ಬೆರೆಸೋದು, ಇವೆರಡನ್ನ ಹೇಳಿಕೊಡೋರು ದಾರಿ ತುಂಬ ಸಿಗತಾರ. ಮಾಡಬ್ಯಾಡ್ರಿ. ಬೆಂಕಿಗೆ ಪ್ಲಾಸ್ಟಿಕ್ ಪೈಪು, ವೈರಿಂಗ್, ಏರ್ ಲೈನು ಎಲ್ಲಾ ಹೋಗತಾವ, ಗಾಡಿನೂ ಹೋಗಬಹುದು. ಕಾಮನ್ ರೈಲ್ ಪಂಪಿಗೆ ಡೀಸೆಲ್ಲಿನ ಜಿಡ್ಡ ಗ್ರೀಸ್ ಇದ್ದಂಗ. ಸೀಮೆಎಣ್ಣಿಗೆ ಆ ಜಿಡ್ಡ ಇಲ್ಲ, ಪಂಪ್ ಕೆರೆದು ಲೋಹದ ಪುಡಿ ನಾಜಲ್ ತನಕ ಹೋಗತೈತಿ. ಫಿಲ್ಟರ್ ಕಟ್ಟಿಕೊಂಡ್ರ ಹಳೇ ಬಟ್ಟಿ ಸುತ್ತಿ ಅದರ ಮ್ಯಾಲೆ ಬಿಸಿನೀರು ಹಾಕ್ರಿ, ವೈರಿನ ಸಾಕೆಟ್‌ಗೆ ತಾಗದಂಗ. ಕರಗದಿದ್ರ ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪ್ ಹೊಡದು ಏರ್ ತಗೀರಿ. ಎರಡು ಫಿಲ್ಟರ್ ಗಾಡ್ಯಾಗ ಇರಲೇಬೇಕು.

ರೇಡಿಯೇಟರ್‌ನಾಗ ಬರೇ ನೀರಿದ್ರ ಬ್ಲಾಕ್ ಸೀಳತೈತಿ. ಕೂಲೆಂಟ್ ಅರ್ಧ, ಮಿನರಲ್ ತಗದ ನೀರು ಅರ್ಧ ಹಾಕಿದ್ರ ಮೈನಸ್ 37 ತನಕ ಹೆಪ್ಪುಗಟ್ಟಂಗಿಲ್ಲ. ಬಿಎಸ್-6 ಗಾಡಿಯ ಡಿಇಎಫ್ ಮೈನಸ್ 11ಕ್ಕ ಗಟ್ಟಿ ಆಗತೈತಿ. ಅಂಜಬ್ಯಾಡ್ರಿ, ಗಾಡಿ ಸ್ಟಾರ್ಟ್ ಆಗತೈತಿ, ಎಂಜಿನ್ ನೀರು ಬಿಸಿ ಆದಂಗ ಟ್ಯಾಂಕಿನಾಗಿಂದು ಕರಗತೈತಿ. ಹೆಪ್ಪುಗಟ್ಟಬಾರದು ಅಂತ ಅದಕ್ಕ ನೀರಾಗಲಿ ಕೂಲೆಂಟ್ ಆಗಲಿ ಹಾಕಬ್ಯಾಡ್ರಿ, 32.5 ಪರ್ಸೆಂಟ್ ಅಳತಿ ಕೆಟ್ಟು ಎಸ್‌ಸಿಆರ್ ಹಾಳಾಗತೈತಿ. ಏರ್ ಟ್ಯಾಂಕಿನ ನೀರು ರಾತ್ರಿನ ಬಿಡ್ರಿ, ಇಲ್ಲಂದ್ರ ಅದು ವಾಲ್ವಿನಾಗ ಮಂಜಾಗಿ ಮುಂಜಾನೆ ಬ್ರೇಕ್ ಬಿಡಂಗಿಲ್ಲ. ಗಾಡಿ ತೊಳದು ಹಸಿ ಡ್ರಮ್ಮಿನ ಮ್ಯಾಲೆ ಹ್ಯಾಂಡ್ ಬ್ರೇಕ್ ಹಾಕಿ ಬಿಟ್ರೂ ಲೈನಿಂಗ್ ಡ್ರಮ್ಮಿಗೆ ಹಿಡಕೋತೈತಿ.

ಮೈನಸ್ 10ರಾಗ ಐದಾರು ನಿಮಿಷ 1000 ಆರ್‌ಪಿಎಂ ಕೊಡ್ರಿ, ಅಲ್ಲಿ ಅದು ಬೇಕು. ಆದ್ರ ರಾತ್ರಿ ಎಲ್ಲಾ ಎಂಜಿನ್ ಚಾಲೂ ಇಟ್ಟು, ಕ್ಯಾಬಿನ್ ಕಿಟಕಿ ಮುಚ್ಚಿ ಮಲಗೋದು ಜೀವಕ್ಕ ಅಪಾಯ. ಕ್ಯಾಬಿನ್ ಒಳಗ ಇದ್ದಲ ಹಚ್ಚೋದಂತೂ ಬ್ಯಾಡೇ ಬ್ಯಾಡ. ವಿಷ ಗಾಳಿಗೆ ವಾಸನಿ ಇಲ್ರೀ, ನಿದ್ದ್ಯಾಗಿದ್ದವನಿಗೆ ಗೊತ್ತ ಆಗಂಗಿಲ್ಲ.


ಮಲ್ನಾಡ್ ಲೋಡ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಬಹಳ ಧನ್ಯವಾದ. ಹಳೇ ಗಾಡಿ ವಿಚಾರಿಸಿದೆ. ನಾಜಲ್‌ನವರು ಹೇಳಿದ್ದೇ ಸರಿ, ಘಾಟೀಲಿ ಹೀಟ್ ಆಗುತ್ತೆ ಅಂತ ಹಿಂದೆ ಯಾವಾಗಲೋ ಥರ್ಮೋಸ್ಟಾಟ್ ತೆಗೆಸಿದ್ದಾರಂತೆ. ಈಗ ಹಾಕಿಸಿದ್ರೆ ಮತ್ತೆ ಹೀಟ್ ಆಗಲ್ವಾ? ಹಾಕೋ ಮೊದಲು ವಾಲ್ವ್ ಸರಿ ಇದೆಯಾ ಅಂತ ತಿಳಿಯೋದು ಹೇಗೆ?


ಪಂಪು ನಾಜಲ್

ಹಾಕಿಸಿ ಸಾರ್, ಇದೇ ವಾರ. ಸರಿಯಿರೋ ಥರ್ಮೋಸ್ಟಾಟ್ ಹೀಟ್ ಮಾಡಲ್ಲ. ಅದು ತಣ್ಣಗಿದ್ದಾಗ ನೀರನ್ನ ರೇಡಿಯೇಟರಿಗೆ ಬಿಡದೇ ಬ್ಲಾಕ್ ಒಳಗೇ ಸುತ್ತಿಸುತ್ತೆ, 80 ಡಿಗ್ರಿ ದಾಟಿದ ಮೇಲೆ ರೇಡಿಯೇಟರ್ ದಾರಿ ತೆರೆದು ಬೈಪಾಸ್ ದಾರಿ ಮುಚ್ಚುತ್ತೆ. ತೆಗೆದು ಹಾಕಿದ್ರೆ ಎರಡೂ ದಾರಿ ಸದಾ ತೆರೆದೇ ಇರ್ತವೆ. ಬೆಳಿಗ್ಗೆ ಎಲ್ಲ ನೀರು ರೇಡಿಯೇಟರ್ ಸುತ್ತಿ ಎಂಜಿನ್ ಬಿಸಿಯೇ ಆಗಲ್ಲ. ಅದೇ ಘಾಟಿ ಹತ್ತುವಾಗ, ರೇಡಿಯೇಟರಿಗೆ ಹೋಗಬೇಕಾದ ನೀರಿನ ಒಂದು ಪಾಲು ಬೈಪಾಸಲ್ಲೇ ತಿರುಗಿ ಬಿಸಿಬಿಸಿಯಾಗೇ ಬ್ಲಾಕಿಗೆ ವಾಪಸ್ ಬರುತ್ತೆ. ಯಾವ ಭಯಕ್ಕೆ ತೆಗೆದ್ರೋ ಆ ಹೀಟಿಗೇ ಇದು ದಾರಿ.

ಹಾಕುವ ಮೊದಲು, ಆಗ ಹೀಟ್ ಆಗ್ತಿದ್ದ ನಿಜವಾದ ಕಾರಣ ಹುಡುಕಿ. ರೇಡಿಯೇಟರ್ ಕ್ಯಾಪಿನ ರಬ್ಬರು ಮತ್ತು ಸ್ಪ್ರಿಂಗು, ಫ್ಯಾನ್ ಬೆಲ್ಟಿನ ಬಿಗಿ, ಫ್ಯಾನ್ ಕ್ಲಚ್, ವಾಟರ್ ಪಂಪ್ ಇಂಪೆಲ್ಲರ್. ಬೋರ್‌ವೆಲ್ ನೀರು ಹಾಕ್ತಿದ್ರೆ ಟ್ಯೂಬ್ ಒಳಗೆ ಸುಣ್ಣ ಕಟ್ಟಿರುತ್ತೆ. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ರೇಡಿಯೇಟರ್ ಮುಂಭಾಗಕ್ಕೆ ಕೈ ಹತ್ತಿರ ಹಿಡಿದು ನೋಡಿ, ಬ್ಲಾಕ್ ಆದ ಕಡೆ ತಣ್ಣಗಿರುತ್ತೆ. ಹೊರಗಡೆ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಧೂಳು-ಹುಲ್ಲು ತುಂಬಿಕೊಂಡಿರುತ್ತೆ, ಅದನ್ನ ಎಂಜಿನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆದು ತೆಗೀಬೇಕು.

ವಾಲ್ವ್ ಪರೀಕ್ಷೆ ಮನೆಯಲ್ಲೇ ಆಗುತ್ತೆ. ಅದರ ಅಂಚಿನ ಮೇಲೆ ತೆರೆಯೋ ಡಿಗ್ರಿ ಕೊರೆದಿರುತ್ತೆ, 82 ಅಂತಲೋ 83 ಅಂತಲೋ. ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ಬದಿಗೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ಸಣ್ಣ ಉರಿಯಲ್ಲಿ ಕಾಯಿಸ್ತಾ ನೀರು ಕಲಕ್ತಿರಿ. ವಾಲ್ವಿನ ಬಾಯಿಗೆ ತೆಳು ಕಾಗದದ ಚೂರು ಸಿಕ್ಕಿಸಿದ್ರೆ ತೆರೆದ ಕ್ಷಣ ಅದು ಜಾರುತ್ತೆ. ಆಗಿನ ಡಿಗ್ರಿ, ಕೊರೆದಿರೋ ಸಂಖ್ಯೆಗೆ ಎರಡು ಡಿಗ್ರಿ ಆಚೆ-ಈಚೆ ಇರಬೇಕು. 95ರ ಹೊತ್ತಿಗೆ 8-10 ಮಿ.ಮೀ. ಎದ್ದಿರಬೇಕು, ಹೊರಗೆ ತೆಗೆದು ತಣ್ಣಗಾದ ಮೇಲೆ ಪೂರ್ತಿ ಕೂರಬೇಕು.

ಕೂರಿಸುವಾಗ ಮೇಣದ ಗುಂಡಿನ ಬದಿ ಎಂಜಿನ್ ಕಡೆಗೆ, ಗಾಳಿ ಬಿಡೋ ಸಣ್ಣ ತೂತು ಮೇಲ್ಗಡೆಗೆ. ಗ್ಯಾಸ್ಕೆಟ್ ಹೊಸದು. ಕೂಲೆಂಟ್ ನಿಧಾನಕ್ಕೆ ಸುರೀರಿ, ಬ್ಲೀಡ್ ಸ್ಕ್ರೂ ಇದ್ರೆ ಗುಳ್ಳೆ ನಿಲ್ಲೋ ತನಕ ಸಡಿಲಿಸಿಡಿ. ಡೀಸೆಲ್ ಸೇರಿರೋ ಹಳೇ ಆಯಿಲನ್ನೂ ಅದೇ ದಿನ ಇಳಿಸಿ ಫಿಲ್ಟರ್ ಸಮೇತ ಬದಲಾಯಿಸಿ.

ಆಮೇಲೆ ಗಾಡಿ ಓಡಿಸಿ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಕೈ ಇಟ್ಟು ನೋಡಿ, ಫ್ಯಾನಿಂದ ದೂರ ಇರಿ. ಮುಳ್ಳು 70 ತೋರಿಸ್ತಿದ್ರೂ ಹೋಸ್ ತಣ್ಣಗಿರುತ್ತೆ. 80 ದಾಟಿದ ಮೇಲೆ ಒಮ್ಮೆಲೇ ಕೈ ಇಡೋಕಾಗದಷ್ಟು ಬಿಸಿಯಾಗುತ್ತೆ, ಮುಳ್ಳು ಒಂದೆರಡು ಡಿಗ್ರಿ ಇಳಿದು ಮತ್ತೆ ಅಲ್ಲೇ ನಿಲ್ಲುತ್ತೆ. ಹಾಗಾದ್ರೆ ವಾಲ್ವ್ ಕೆಲಸ ಮಾಡ್ತಿದೆ. ಮೊದಲಿಂದಲೇ ಹೋಸ್ ಉಗುರುಬೆಚ್ಚಗೆ ಇದ್ರೆ ವಾಲ್ವ್ ಸರಿಯಾಗಿ ಕೂತಿಲ್ಲ, ಬಿಚ್ಚಿ ಮತ್ತೆ ಕೂರಿಸಿ.